ಪೊಲೀಸ್ ಪಿಂಚಣಿ: ಕನಿಷ್ಠ 13,500 ನಿಮ್ಮ ಮನೆಗೆ ಸರಿಯಾಗಿ ಬರ್ತಿದೆಯಾ? ನೋಡಿಕೊಳ್ಳುವುದು ಹೀಗೆ

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ನಿವೃತ್ತ ಪೊಲೀಸರ ಮನೆಗಳಲ್ಲಿ ಪಿಂಚಣಿಯ ಕಾಗದಗಳೆಲ್ಲ ಸಾಮಾನ್ಯವಾಗಿ ಯಜಮಾನರ ಟ್ರಂಕಿನಲ್ಲಿ ಇರುತ್ತವೆ. ಬ್ಯಾಂಕಿಗೆ ಹೋಗುವವರೂ ಅವರೇ, ರೊಕ್ಕ ತರುವವರೂ ಅವರೇ. ಮೂಲ ಪಿಂಚಣಿ ಎಷ್ಟು, ತುಟ್ಟಿ ಭತ್ಯೆ ಎಷ್ಟು ಎಂದು ಹೆಂಡತಿಗೆ ಯಾರೂ ಹೇಳಿರುವುದಿಲ್ಲ. ಅವರು ತೀರಿಹೋದ ಮೇಲೆ ಆ ತಾಯಿ ಒಬ್ಬರೇ ಬ್ಯಾಂಕು, ಖಜಾನೆ, ಎಸ್‌ಪಿ ಆಫೀಸು ಎಂದು ಓಡಾಡಬೇಕಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಇರುವಾಗಲೇ ಒಂದು ಮಧ್ಯಾಹ್ನ ಜೊತೆಗೆ ಕೂತು ಪಾಸ್‌ಬುಕ್ಕು, ಪಿಪಿಓ (ಪಿಂಚಣಿ ಪಾವತಿ ಆದೇಶ) ಬಿಚ್ಚಿ ನೋಡಿದರೆ ಈ ಓಡಾಟ ಮುಕ್ಕಾಲು ಪಾಲು ತಪ್ಪುತ್ತದೆ. ಏನು ನೋಡಬೇಕು, ತಪ್ಪು ಕಂಡರೆ ಯಾರ ಬಳಿ ಹೋಗಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮಹಿಳಾ ಪೊಲೀಸ್ ತೀರಿಕೊಂಡರೆ ಅವರ ಗಂಡನಿಗೂ ಇದೇ ನಿಯಮಗಳು.

ಇದು ಕರ್ನಾಟಕ ರಾಜ್ಯ ಪೊಲೀಸ್ ಇಲಾಖೆಯಲ್ಲಿ ದುಡಿದವರಿಗೆ. ಸಿವಿಲ್ ಆಗಲಿ, ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಆಗಲಿ, ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ಆಗಲಿ, ಲೆಕ್ಕ ಒಂದೇ. ಸಿಆರ್‌ಪಿಎಫ್, ಬಿಎಸ್‌ಎಫ್‌ನಿಂದ ಬಂದವರಿಗೆ ಕೇಂದ್ರದ ನಿಯಮ, ಅದು ಬೇರೆ.

ಮೊದಲು ನೋಡಬೇಕಾದ್ದು: ಕೆಲಸಕ್ಕೆ ಸೇರಿದ ತಾರೀಕು

2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ. ಆ ದಿನ ಅಥವಾ ಆಮೇಲೆ ಸೇರಿದವರು ಎನ್‌ಪಿಎಸ್‌ಗೆ, ಅಂದರೆ ಸಂಬಳದಿಂದ ವಂತಿಗೆ ಕಡಿತವಾಗುವ ಹೊಸ ಪಿಂಚಣಿ ಯೋಜನೆಗೆ ಬರುತ್ತಾರೆ. ಈ ಲೇಖನದ ಲೆಕ್ಕವೆಲ್ಲ ಹಳೆಯ ಪಿಂಚಣಿಯದು.

ಇಲ್ಲಿ ಒಂದು ವಿನಾಯಿತಿ ಇದೆ. ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್‌ಗಿಂತ ಮೊದಲೇ ಹೊರಟು, ಆದೇಶ ಮಾತ್ರ ತಡವಾಗಿ ಕೈಸೇರಿದವರೂ ಇದ್ದಾರೆ. ಅಂಥವರನ್ನು ಹಳೆಯ ಪಿಂಚಣಿಗೆ ಸೇರಿಸಲು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಒಪ್ಪಿದೆ. ನಿಮ್ಮದು ಆ ಬ್ಯಾಚ್ ಆಗಿದ್ದರೆ ಸೇವಾ ವಹಿಯಲ್ಲಿ ಅದು ದಾಖಲಾಗಿದೆಯೇ ಎಂದು ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ಖಾತ್ರಿ ಮಾಡಿಕೊಳ್ಳಿ. ಇನ್ನೊಂದು ಮಾತು. ಎನ್‌ಪಿಎಸ್‌ನಲ್ಲಿದ್ದು ಸೇವೆಯಲ್ಲಿರುವಾಗಲೇ ತೀರಿಕೊಂಡವರ ಮನೆಯವರು "ನಮಗೇನೂ ಇಲ್ಲ" ಎಂದು ಸುಮ್ನೆ ಕೂರಬಾರದು. ಅವರಿಗೂ ಕುಟುಂಬ ಪಿಂಚಣಿ (ನೌಕರ ತೀರಿಕೊಂಡ ಮೇಲೆ ಮನೆಯವರಿಗೆ ಬರುವ ಪಿಂಚಣಿ) ಕೊಡುವ ಆದೇಶ ರಾಜ್ಯದಲ್ಲಿದೆ. ತೀರಿಕೊಂಡವರು ಕೊನೆಗೆ ಕೆಲಸ ಮಾಡಿದ ಘಟಕದ ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

13,500 ಎಲ್ಲಿಂದ ಬಂತು

ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ ಕನಿಷ್ಠ ಮೂಲ ಪಿಂಚಣಿ ತಿಂಗಳಿಗೆ 8,500 ರೂಪಾಯಿ ಇತ್ತು. ಈಗ ಅದು 13,500. ಕನಿಷ್ಠ ಮೂಲ ವೇತನ 27,000 ಆಯಿತಲ್ಲ, ಅದರ ಅರ್ಧ. ಕುಟುಂಬ ಪಿಂಚಣಿಗೂ ಕೆಳಗಿನ ಮಿತಿ ಇದೇ 13,500.

2022ರ ಜುಲೈಗಿಂತ ಮೊದಲು ನಿವೃತ್ತರಾದವರ ಲೆಕ್ಕ ಸುಲಭ. ಹಳೆಯ ಮೂಲ ಪಿಂಚಣಿಗೆ ಶೇಕಡಾ 31 ತುಟ್ಟಿ ಭತ್ಯೆ, ಶೇಕಡಾ 27.5 ಫಿಟ್‌ಮೆಂಟ್ (ವೇತನ ಪರಿಷ್ಕರಣೆಯ ಹೆಚ್ಚಳ), ಎರಡನ್ನೂ ಸೇರಿಸಬೇಕು. ಒಟ್ಟು ಶೇಕಡಾ 58.5 ಏರಿಕೆ. ಕ್ಯಾಲ್ಕುಲೇಟರ್‌ನಲ್ಲಿ ಹಳೆಯ ಮೊತ್ತವನ್ನು 1.585ರಿಂದ ಗುಣಿಸಿದರೆ ಸಾಕು. 8,500 ಇದ್ದವರಿಗೆ 13,472 ರೂಪಾಯಿ 50 ಪೈಸೆ ಬರುತ್ತದೆ. ಕನಿಷ್ಠ ಮಿತಿ ಇರುವುದರಿಂದ ಅದು 13,500 ಆಗುತ್ತದೆ. 9,000 ಇದ್ದವರಿಗೆ 14,265. 12,000 ಇದ್ದವರಿಗೆ 19,020. ಬ್ಯಾಂಕಿನಲ್ಲಿ ಕೇಳಿ ಪಡೆಯುವ ಪೆನ್ಷನ್ ಸ್ಲಿಪ್ಪಿನಲ್ಲಿ 2024ರ ಆಗಸ್ಟ್ ಆದ ಮೇಲೂ ಹಳೆಯ ಮೂಲ ಪಿಂಚಣಿಯೇ ಮುಂದುವರಿದಿದ್ದರೆ ನಿಮ್ಮ ಪರಿಷ್ಕರಣೆ ಎಲ್ಲೋ ನಿಂತಿದೆ ಎಂದೇ ಅರ್ಥ.

2022ರ ಜುಲೈನಿಂದ 2024ರ ಜುಲೈವರೆಗೆ ನಿವೃತ್ತರಾದವರ ಲೆಕ್ಕ ಬೇರೆ. ಅವರ ಕೊನೆಯ ವೇತನವನ್ನು ಹೊಸ ಶ್ರೇಣಿಯಲ್ಲಿ ಕಾಗದದ ಮೇಲೆ ಮರುನಿಗದಿ ಮಾಡಿ, ಅದರ ಮೇಲೆ ಪಿಂಚಣಿ ಲೆಕ್ಕ ಹಾಕಿ, 2024ರ ಆಗಸ್ಟ್‌ನಿಂದ ಹೆಚ್ಚಿದ ಮೊತ್ತ ಕೊಡಬೇಕು. ಈ ಗುಂಪಿನವರಿಗೆ ನಿವೃತ್ತಿಯಾದ ಕಚೇರಿಯಿಂದಲೇ ಪರಿಷ್ಕೃತ ಪ್ರಸ್ತಾವನೆ ಹೋಗಬೇಕು. ಹೋಗಿದೆಯೇ ಎಂದು ವಿಚಾರಿಸಿ, ಹೋಗಿದ್ದರೆ ಪತ್ರದ ಸಂಖ್ಯೆ ಮತ್ತು ತಾರೀಕು ಬರೆದುಕೊಳ್ಳಿ.

ಈ ಕನಿಷ್ಠ ಮಿತಿ ನಿಜವಾಗಿ ಯಾರಿಗೆ ಬೇಕು

ಪೂರ್ಣ ಸೇವೆ ಮಾಡಿ ಈಗ ನಿವೃತ್ತರಾಗುವ ಕಾನ್‌ಸ್ಟೆಬಲ್‌ಗೆ ಇದರ ಚಿಂತೆ ಬೇಕಿಲ್ಲ. ಕಾನ್‌ಸ್ಟೆಬಲ್ ಹುದ್ದೆಯ ಈಗಿನ ವೇತನ ಶ್ರೇಣಿ ಶುರುವಾಗುವುದೇ 37,500ರಿಂದ. ಪೂರ್ಣ ಸೇವೆಗೆ ಪಿಂಚಣಿ ಕೊನೆಯ ಮೂಲ ವೇತನದ ಅರ್ಧ. ಹಾಗಾಗಿ ಅವರ ಮೊತ್ತ ಕನಿಷ್ಠಕ್ಕಿಂತ ಮೇಲೇ ಇರುತ್ತದೆ. ಪೂರ್ಣ ಸೇವೆ ಆಗದೆ ನಿವೃತ್ತರಾದವರು, ತುಂಬಾ ಹಿಂದೆ ನಿವೃತ್ತರಾದವರು ಇದನ್ನು ನೋಡಬೇಕು. ಎಲ್ಲರಿಗಿಂತ ಹೆಚ್ಚಾಗಿ ನೋಡಬೇಕಾದವರು ವಿಧವೆಯರು.

ಯಾಕೆಂದರೆ ಕುಟುಂಬ ಪಿಂಚಣಿ ಕೊನೆಯ ಮೂಲ ವೇತನದ ಶೇಕಡಾ 30 ಮಾತ್ರ. ಕೊನೆಯ ಮೂಲ ವೇತನ 40,000 ಇದ್ದರೆ ಶೇಕಡಾ 30 ಎಂದರೆ 12,000. ಅದು ಮಿತಿಗಿಂತ ಕಡಿಮೆ, ಆದ್ದರಿಂದ 13,500 ಕೊಡಲೇಬೇಕು. ಹೊಸ ಶ್ರೇಣಿಯ ಪ್ರಕಾರ 45,000ಕ್ಕಿಂತ ಕೆಳಗಿನ ಮೂಲ ವೇತನ ಇದ್ದವರ ಹೆಂಡತಿಗೆ ಈ ಮಿತಿಯೇ ಆಸರೆ. ಹಳೆಯ ಕಾಲದ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳ ಮನೆಗಳಲ್ಲಿ ಇಂಥ ತಾಯಂದಿರು ಬಹಳ ಜನ ಇದ್ದಾರೆ. ಇದು ಯಾರೋ ದಯೆಯಿಂದ ಕೊಡುವ ಹಣ ಅಲ್ಲ. ಹಬ್ಬದ ದಿನವೂ ಬಂದೋಬಸ್ತಿಗೆ ಹೋಗಿ ನಿಂತವರ ಮನೆಗೆ ಸೇರಬೇಕಾದ ಹಕ್ಕಿನ ಹಣ.

ಪಿಪಿಓದಲ್ಲಿ ಕುಟುಂಬ ಪಿಂಚಣಿಯ ಎರಡು ಮೊತ್ತ ಇರಬಹುದು. ಒಂದು ಹೆಚ್ಚಿನ ದರದ್ದು, ಅದಕ್ಕೆ ಕೊನೆಯ ತಾರೀಕು ಬರೆದಿರುತ್ತದೆ. ಆ ತಾರೀಕು ದಾಟಿದ ಮೇಲೆ ಸಾಮಾನ್ಯ ದರ. ಒಂದು ತಿಂಗಳು ಇದ್ದಕ್ಕಿದ್ದಂತೆ ಹಣ ಕಡಿಮೆ ಬಂದರೆ ಗಾಬರಿಯಾಗುವ ಮೊದಲು ಆ ತಾರೀಕು ನೋಡಿ. ಸಾಮಾನ್ಯ ದರಕ್ಕೆ ಇಳಿದರೂ 13,500ಕ್ಕಿಂತ ಕೆಳಗೆ ಹೋಗಬಾರದು.

ಪಾಸ್‌ಬುಕ್ ಓದುವ ಬಗೆ

ಪಾಸ್‌ಬುಕ್ಕಿನಲ್ಲಿ ತಿಂಗಳಿಗೆ ಒಂದೇ ಮೊತ್ತ ಕಾಣುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಬ್ಯಾಂಕಿನಲ್ಲಿ ಪೆನ್ಷನ್ ಸ್ಲಿಪ್ ಕೇಳಿ. ಎಸ್‌ಬಿಐ ಖಾತೆ ಇದ್ದವರು ಆ ಬ್ಯಾಂಕಿನ ಪೆನ್ಷನ್ ಸೇವಾ ಜಾಲತಾಣದಲ್ಲೂ ಸ್ಲಿಪ್ ತೆಗೆಯಬಹುದು, ಮನೆಯಲ್ಲಿ ಓದುವ ಮಕ್ಕಳಿದ್ದರೆ ಮಾಡಿಕೊಡುತ್ತಾರೆ. ಸ್ಲಿಪ್ಪಿನಲ್ಲಿ ಮೂರು ಸಾಲು ಮುಖ್ಯ: ಮೂಲ ಪಿಂಚಣಿ, ಕಮ್ಯುಟೇಶನ್ ಕಡಿತ, ತುಟ್ಟಿ ಭತ್ಯೆ.

ಜಾಸ್ತಿ ಗೊಂದಲ ಆಗುವುದು ಕಮ್ಯುಟೇಶನ್‌ನಲ್ಲಿ. ನಿವೃತ್ತಿಯ ಹೊತ್ತಿಗೆ ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಮುಂಗಡವಾಗಿ ಒಟ್ಟಿಗೆ ತೆಗೆದುಕೊಳ್ಳಬಹುದು. ಮಗಳ ಮದುವೆ, ಮನೆ ಕಟ್ಟುವುದು ಎಂದು ಹೆಚ್ಚಿನವರು ತೆಗೆದುಕೊಂಡಿರುತ್ತಾರೆ. ಆಮೇಲೆ 15 ವರ್ಷ ಆ ಭಾಗ ಪ್ರತಿ ತಿಂಗಳು ಕಡಿತವಾಗುತ್ತದೆ. ಕನಿಷ್ಠ ಮಿತಿಯನ್ನು ಹೋಲಿಸಬೇಕಾದ್ದು ಈ ಕಡಿತಕ್ಕೆ ಮೊದಲಿನ ಮೊತ್ತದ ಜೊತೆ. ಮೂಲ ಪಿಂಚಣಿ 18,000 ಇದ್ದು 6,000 ಕಡಿತವಾಗಿ 12,000 ಉಳಿದರೆ ಅದು ತಪ್ಪಲ್ಲ.

ಆದರೆ ತುಟ್ಟಿ ಭತ್ಯೆಯನ್ನು ಪೂರ್ತಿ 18,000ದ ಮೇಲೆ ಕೊಡಬೇಕು. ಕಡಿತವಾಗಿ ಉಳಿದ 12,000ದ ಮೇಲಲ್ಲ. 2025ರ ಜನವರಿಯಿಂದ ಇದ್ದ ಶೇಕಡಾ 12.25 ದರವನ್ನು ಉದಾಹರಣೆಗೆ ತೆಗೆದುಕೊಳ್ಳಿ. 18,000ಕ್ಕೆ ಅದು 2,205 ರೂಪಾಯಿ. 12,000ಕ್ಕೆ ಲೆಕ್ಕ ಹಾಕಿದ್ದರೆ 1,470 ಮಾತ್ರ. ತಿಂಗಳಿಗೆ 735 ರೂಪಾಯಿ ನಷ್ಟ, ವರ್ಷಕ್ಕೆ 8,820. ತುಟ್ಟಿ ಭತ್ಯೆ ಸಾಮಾನ್ಯವಾಗಿ ಜನವರಿ ಮತ್ತು ಜುಲೈನಿಂದ ಅನ್ವಯವಾಗುವಂತೆ ಬದಲಾಗುತ್ತದೆ. ಪ್ರತಿ ಆದೇಶ ಬಂದಾಗ ನಿಮ್ಮ ಸ್ಲಿಪ್ಪಿನಲ್ಲೂ ಬದಲಾಗಿದೆಯೇ ನೋಡಿ.

15 ವರ್ಷ ಮುಗಿದ ಮೇಲೆ ಕಡಿತ ನಿಲ್ಲಬೇಕು. ಕಮ್ಯುಟೇಶನ್ ಜಾರಿಯಾದ ತಾರೀಕಿಗೆ 15 ವರ್ಷ ಕೂಡಿಸಿ, ಬಂದ ತಾರೀಕನ್ನು ಪಿಪಿಓ ಜೆರಾಕ್ಸ್ ಮೇಲೆ ದೊಡ್ಡದಾಗಿ ಬರೆದಿಡಿ. ಆ ತಿಂಗಳು ಕಡಿತ ನಿಲ್ಲದಿದ್ದರೆ ಅರ್ಜಿ ಕೊಡಿ. ಹೆಣ್ಣುಮಕ್ಕಳು ತಿಳಿದಿರಬೇಕಾದ ಇನ್ನೊಂದು ವಿಷಯ: ಗಂಡ ಕಮ್ಯುಟೇಶನ್ ತೆಗೆದುಕೊಂಡಿದ್ದರೂ ಕುಟುಂಬ ಪಿಂಚಣಿಯಲ್ಲಿ ಆ ಕಡಿತ ಇರುವುದಿಲ್ಲ. ಇದ್ದರೆ ಅದು ತಪ್ಪು.

ಕುಟುಂಬ ಪಿಂಚಣಿ ಕನಿಷ್ಠ ಮೊತ್ತದಲ್ಲಿದ್ದರೆ ಅದೇ ಶೇಕಡಾ 12.25 ದರದಲ್ಲಿ 13,500ಕ್ಕೆ 1,654 ಸೇರಿ 15,154 ಆಗುತ್ತದೆ. ದರ ಏರಿದಂತೆ ಇದೂ ಏರಬೇಕು.

ಹೆಸರಿನ ತಕರಾರು ಈಗಲೇ ಮುಗಿಸಿ

ನಮ್ಮ ಮೂರೂ ಜಿಲ್ಲೆಗಳಲ್ಲಿ ಕುಟುಂಬ ಪಿಂಚಣಿ ತಡವಾಗುವುದಕ್ಕೆ ದೊಡ್ಡ ಕಾರಣ ಹೆಸರು. ಪಿಪಿಓದಲ್ಲಿ ಶರಣಮ್ಮ, ಆಧಾರ್‌ನಲ್ಲಿ ಶರಣಬಸಮ್ಮ, ಬ್ಯಾಂಕಿನಲ್ಲಿ ಇನ್ನೇನೋ. ಬೀ, ಬೇಗಂ, ಬಾಯಿ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರುವುದಿಲ್ಲ. ತವರುಮನೆಯ ಅಡ್ಡಹೆಸರು ಒಂದು ಕಡೆ, ಗಂಡನ ಮನೆಯದು ಇನ್ನೊಂದು ಕಡೆ. ಯಜಮಾನರು ಇರುವಾಗ ಇದು ಯಾರಿಗೂ ಕಾಣುವುದಿಲ್ಲ. ಅವರು ಹೋದ ಮೇಲೆ ಕೌಂಟರಿನಲ್ಲಿ, "ಪಿಪಿಓದಾಗ ಹೆಸರು ಬ್ಯಾರೆ ಅದರೀ ಅಮ್ಮಾ, ಸರಿ ಮಾಡಿಸ್ಕೊಂಡ್ ಬರ್ರಿ" ಎಂದು ವಾಪಸ್ ಕಳಿಸುತ್ತಾರೆ.

ಆದ್ದರಿಂದ ಪಿಪಿಓದಲ್ಲಿ ಹೆಂಡತಿಯ ಹೆಸರು, ಜನ್ಮ ದಿನಾಂಕ ಇದೆಯೇ, ಜಂಟಿ ಫೋಟೋ ಇದೆಯೇ ನೋಡಿ. ಅಕ್ಷರ ಅಕ್ಷರ ಹೋಲಿಸಿ. ತಿದ್ದುಪಡಿ ಬೇಕಿದ್ದರೆ ನಿವೃತ್ತರಾದ ಘಟಕದ ಕಚೇರಿಗೆ ಅರ್ಜಿ ಕೊಡಬೇಕು. ಅಂದರೆ ಎಸ್‌ಪಿ ಕಚೇರಿ, ಕಲಬುರಗಿ ನಗರದವರಾದರೆ ಕಮಿಷನರೇಟ್, ಕೆಎಸ್‌ಆರ್‌ಪಿಯವರಾದರೆ ತಮ್ಮ ಪಡೆಯ ಕಮಾಂಡೆಂಟ್ ಕಚೇರಿ. ಅವರು ಶಿಫಾರಸು ಮಾಡಿ ಬೆಂಗಳೂರಿನ ಪ್ರಧಾನ ಮಹಾಲೇಖಪಾಲರ ಕಚೇರಿಗೆ ಕಳಿಸುತ್ತಾರೆ. ನಮ್ಮ ಜನ ಎಜಿ ಆಫೀಸು ಎನ್ನುವುದು ಇದಕ್ಕೇ. ಪಿಪಿಓ ಕೊಡುವವರೂ, ಅದರಲ್ಲಿ ತಿದ್ದುವವರೂ ಅವರೇ. ಬ್ಯಾಂಕಿನವರು ಪಿಪಿಓ ತಿದ್ದಲು ಬರುವುದಿಲ್ಲ, ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ. ಅರ್ಜಿಯ ಜೊತೆ ಆಧಾರ್ ಪ್ರತಿ, ಎರಡೂ ಹೆಸರು ಒಬ್ಬರದ್ದೇ ಎಂಬ ನೋಟರಿ ಅಫಿಡವಿಟ್ ಇಡಿ.

ಹಳೆಯ ಪಿಂಚಣಿದಾರರು ಇನ್ನೊಂದು ವಿಷಯ ಗಮನಿಸಬೇಕು. ಯಾದಗಿರಿ ಜಿಲ್ಲೆ ಆದದ್ದು 2009ರ ಕೊನೆಗೆ. ಅದಕ್ಕಿಂತ ಮೊದಲು ಸುರಪುರ, ಶಹಾಪುರ ಠಾಣೆಗಳಿಂದ ನಿವೃತ್ತರಾದವರ ಕಡತ ಗುಲಬರ್ಗಾ ಎಸ್‌ಪಿ ಕಚೇರಿಯ ಹೆಸರಿನಲ್ಲೇ ಇರುತ್ತದೆ. ಯಾದಗಿರಿಯಲ್ಲಿ ದಾಖಲೆ ಸಿಗದಿದ್ದರೆ ಕಲಬುರಗಿಯಲ್ಲಿ ವಿಚಾರಿಸಿ. ಕಾಗದದಲ್ಲಿ ಗುಲಬರ್ಗಾ ಎಂದಿದೆ, ಆಧಾರ್‌ನಲ್ಲಿ ಕಲಬುರಗಿ ಎಂದಿದೆ ಎಂದು ಚಿಂತೆ ಬೇಡ. 2014ರ ನವೆಂಬರ್ 1ರಿಂದ ಸರ್ಕಾರವೇ ಹೆಸರು ಬದಲಿಸಿದೆ.

ಹೆಂಡತಿಯ ಹೆಸರಿನಲ್ಲಿ, ಪಿಂಚಣಿ ಬರುವ ಅದೇ ಶಾಖೆಯಲ್ಲಿ, ಒಂದು ಉಳಿತಾಯ ಖಾತೆ ಈಗಲೇ ತೆರೆದಿಡಿ. ಪ್ಯಾನ್ ಕಾರ್ಡ್ ಮಾಡಿಸಿ. ಮೊದಲ ಮದುವೆ, ಎರಡನೇ ಮದುವೆ ಎಂಬ ತೊಡಕು ಇರುವ ಮನೆಗಳಲ್ಲಿ ಯಜಮಾನರು ಬದುಕಿರುವಾಗಲೇ ವಕೀಲರನ್ನು ಕಂಡು ದಾಖಲೆ ಸರಿ ಮಾಡಿಸಬೇಕು. ಆಮೇಲೆ ಅದು ವರ್ಷಗಟ್ಟಲೆ ಕೋರ್ಟಿನಲ್ಲಿ ನಿಲ್ಲುತ್ತದೆ, ಯಾರ ಕೈಗೂ ಹಣ ಬರುವುದಿಲ್ಲ. ದುಡಿಯಲಾಗದ ಅಂಗವಿಕಲ ಮಗ ಅಥವಾ ಮಗಳು ಇದ್ದರೆ ಆ ಹೆಸರನ್ನೂ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಮೊದಲೇ ದಾಖಲಿಸಿ. ತಂದೆ ತಾಯಿ ಇಬ್ಬರೂ ಹೋದ ಮೇಲೆ ಆ ಮಗುವಿಗೆ ಅದೇ ಆಧಾರ.

ಪಿಂಚಣಿದಾರರು ತೀರಿಕೊಂಡಾಗ

ದುಃಖದ ಹೊತ್ತಿನಲ್ಲಿ ಇದೆಲ್ಲ ನೆನಪಿಗೆ ಬರುವುದಿಲ್ಲ, ಅದಕ್ಕೇ ಮಗನೋ ಅಳಿಯನೋ ನೆರೆಯವರೋ ಮುಂದೆ ನಿಂತು ಮಾಡಬೇಕು.

ಮೊದಲು ಮರಣ ನೋಂದಣಿ. 21 ದಿನದೊಳಗೆ ಮಾಡಿಸಿ, ತಡವಾದರೆ ಓಡಾಟ ಜಾಸ್ತಿ. ಮರಣ ಪ್ರಮಾಣಪತ್ರದಲ್ಲಿ ಹೆಸರು ಪಿಪಿಓದಲ್ಲಿ ಇದ್ದಂತೆಯೇ ಇರಲಿ. ಮನೆಯಲ್ಲಿ ಕರೆಯುವ ಹೆಸರು ಬರೆಸಬೇಡಿ. ನಾಲ್ಕೈದು ಮೂಲ ಪ್ರತಿ ತೆಗೆದುಕೊಳ್ಳಿ.

ಕೂಡಲೇ ಬ್ಯಾಂಕಿಗೆ ಅಥವಾ ಖಜಾನೆಗೆ ತಿಳಿಸಿ. ತೀರಿಕೊಂಡ ಮೇಲೆ ಅವರ ಖಾತೆಗೆ ಬಂದ ಪಿಂಚಣಿಯನ್ನು ಎಟಿಎಂನಿಂದ ತೆಗೆಯಬೇಡಿ. ಹಲವರು ತಿಥಿ ಖರ್ಚಿಗೆಂದು ತಿಳಿಯದೆ ತೆಗೆದುಬಿಡುತ್ತಾರೆ. ಆ ಹಣವನ್ನು ಸರ್ಕಾರ ವಾಪಸ್ ಕೇಳುತ್ತದೆ, ಕುಟುಂಬ ಪಿಂಚಣಿಯಲ್ಲೇ ಮುರಿದುಕೊಳ್ಳುತ್ತದೆ. ತೀರಿಕೊಂಡ ದಿನದವರೆಗಿನ ಬಾಕಿ ಪಿಂಚಣಿ ಮಾತ್ರ ಕುಟುಂಬಕ್ಕೆ ಸೇರಿದ್ದು. ಅದನ್ನು ನಾಮಿನಿ ಅರ್ಜಿ ಕೊಟ್ಟು ಪಡೆಯಬೇಕು.

ಪಿಪಿಓದಲ್ಲಿ ಹೆಂಡತಿಯ ಹೆಸರು, ಕುಟುಂಬ ಪಿಂಚಣಿ ಮೊತ್ತ ಎರಡೂ ಇದ್ದರೆ ಹೊಸದಾಗಿ ಬೆಂಗಳೂರಿಗೆ ಕಡತ ಹೋಗಬೇಕಿಲ್ಲ. ಅರ್ಜಿ, ಮರಣ ಪ್ರಮಾಣಪತ್ರ, ಪಿಂಚಣಿದಾರರ ಕೈಯಲ್ಲಿದ್ದ ಪಿಪಿಓ ಪ್ರತಿ, ಆಧಾರ್, ಪ್ಯಾನ್, ಫೋಟೋಗಳು, ಪಾಸ್‌ಬುಕ್ ಪ್ರತಿ ತೆಗೆದುಕೊಂಡು ಪಿಂಚಣಿ ಬರುತ್ತಿದ್ದ ಬ್ಯಾಂಕಿಗೆ ಅಥವಾ ಖಜಾನೆಗೆ ಹೋಗಿ. ತೀರಿಕೊಂಡ ಮರುದಿನದಿಂದ ಲೆಕ್ಕ ಹಾಕಿ ಕೊಡಬೇಕು. ಹೆಸರು ಇಲ್ಲದಿದ್ದರೆ ಮಾತ್ರ ಘಟಕದ ಕಚೇರಿಯಿಂದ ಎಜಿ ಆಫೀಸಿಗೆ ಪ್ರಸ್ತಾವನೆ ಹೋಗಬೇಕು. ಪಿಪಿಓ ಕಳೆದುಹೋಗಿದ್ದರೆ ಠಾಣೆಯಲ್ಲಿ ದೂರು ಕೊಟ್ಟು, ಬ್ಯಾಂಕು ಅಥವಾ ಖಜಾನೆಯ ಮೂಲಕ ನಕಲು ಪ್ರತಿ ಕೇಳಿ.

ಕರ್ತವ್ಯದಲ್ಲಿರುವಾಗ, ಆ ಕರ್ತವ್ಯದ ಕಾರಣದಿಂದಲೇ ಪ್ರಾಣ ಹೋದರೆ ವಿಶೇಷ ಕುಟುಂಬ ಪಿಂಚಣಿ ಬೇರೆ ಇದೆ. ಅದಕ್ಕೆ ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ, ಡ್ಯೂಟಿ ಪಾಸ್‌ಪೋರ್ಟ್ (ಕರ್ತವ್ಯಕ್ಕೆ ಕಳಿಸಿದ ಆದೇಶದ ಚೀಟಿ) ಅಥವಾ ಠಾಣಾ ದಿನಚರಿಯ ಪ್ರತಿ ಬೇಕಾಗುತ್ತವೆ. ಅವುಗಳನ್ನು ಮೊದಲ ತಿಂಗಳಲ್ಲೇ ಸಂಗ್ರಹಿಸಿ.

ನವೆಂಬರ್ ಮರೆಯಬೇಡಿ, 80ನೇ ವರ್ಷವನ್ನೂ

ಪ್ರತಿ ವರ್ಷ ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಬೇಕು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಕೊಟ್ಟ ಮೇಲೆ ಬಾಕಿ ಸೇರಿ ಬರುತ್ತದೆ, ಆದರೂ ಔಷಧಿಗೆ ಆ ಹಣವನ್ನೇ ನಂಬಿದವರಿಗೆ ಒಂದೆರಡು ತಿಂಗಳೂ ಕಷ್ಟ. ಮಕ್ಕಳ ಜೊತೆ ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಇರುವವರು ಊರಿಗೆ ಬರಬೇಕಿಲ್ಲ, ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಕೊಡಬಹುದು. ವಯಸ್ಸಾದವರ ಬೆರಳಚ್ಚು ಯಂತ್ರಕ್ಕೆ ಹತ್ತುವುದಿಲ್ಲ, ಅವರಿಗೂ ಮುಖದ ವಿಧಾನವೇ ಒಳ್ಳೆಯದು. ಹಾಸಿಗೆ ಹಿಡಿದವರಿದ್ದರೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ, ಸಣ್ಣ ಶುಲ್ಕ ಇದೆ. ಕುಟುಂಬ ಪಿಂಚಣಿ ಪಡೆಯುವವರು ಮರುಮದುವೆ ಆಗಿಲ್ಲ ಎಂಬ ಪ್ರಮಾಣವನ್ನೂ ಕೊಡಬೇಕಾಗುತ್ತದೆ.

80 ವರ್ಷ ತುಂಬಿದ ಮೇಲೆ ಮೂಲ ಪಿಂಚಣಿಯ ಮೇಲೆ ಶೇಕಡಾ 20 ಹೆಚ್ಚುವರಿ ಬರುತ್ತದೆ. 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ಶೇಕಡಾ 100. ಕುಟುಂಬ ಪಿಂಚಣಿಗೂ ಇದು ಉಂಟು. 13,500 ಪಡೆಯುವ ಅಜ್ಜಿಗೆ 80 ತುಂಬಿದರೆ 2,700 ಸೇರಿ 16,200 ಮೂಲ ಮೊತ್ತ ಆಗಬೇಕು. ಹಳೆಯ ಪಿಪಿಓಗಳಲ್ಲಿ ಹೆಂಡತಿಯ ಜನ್ಮ ದಿನಾಂಕದ ಜಾಗ ಖಾಲಿ ಇರುತ್ತದೆ. ತಾರೀಕೇ ಇಲ್ಲದಿದ್ದರೆ 80 ಆಗಿದ್ದು ಬ್ಯಾಂಕಿಗೆ ಹೇಗೆ ಗೊತ್ತಾಗಬೇಕು? ವಯಸ್ಸಿನ ದಾಖಲೆ ಜೊತೆಗೆ ಅರ್ಜಿ ಕೊಡಿ.

ಸಾಲ ಕೊಟ್ಟವರು ಪಿಪಿಓ, ಎಟಿಎಂ ಕಾರ್ಡ್ ಒತ್ತೆ ಇಟ್ಟುಕೊಂಡಿದ್ದರೆ ಅದಕ್ಕೆ ಕಾನೂನಿನ ಬಲ ಇಲ್ಲ. 1871ರ ಪಿಂಚಣಿ ಕಾಯ್ದೆಯ ಪ್ರಕಾರ ಸಾಲಕ್ಕಾಗಿ ಸರ್ಕಾರಿ ಪಿಂಚಣಿಯನ್ನು ಜಪ್ತಿ ಮಾಡುವಂತಿಲ್ಲ, ಮುಂದೆ ಬರುವ ಪಿಂಚಣಿಯನ್ನು ಬರೆದುಕೊಡುವಂತೆಯೂ ಇಲ್ಲ. "ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಮಾಡ್ತೀವಿ, ಓಟಿಪಿ ಹೇಳಿ" ಎಂದು ಫೋನ್ ಬಂದರೆ ಕಟ್ ಮಾಡಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಕೇಳಿದರೂ ಆಗದಿದ್ದರೆ

ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಲೆಕ್ಕ ಇಲ್ಲ. ಅರ್ಜಿಯನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಪಿಪಿಓ ಸಂಖ್ಯೆ, ಈಗ ಬರುತ್ತಿರುವ ಮೂಲ ಪಿಂಚಣಿ, ಬರಬೇಕಾದ ಮೊತ್ತ, ಯಾವ ತಿಂಗಳಿಂದ ಬಾಕಿ, ಇಷ್ಟೇ ಬರೆಯಿರಿ. ಉದ್ದ ಬರೆದಷ್ಟೂ ಓದುವವರು ಕಡಿಮೆ.

ಉತ್ತರ ಬರದಿದ್ದರೆ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲಿ ದೂರು ದಾಖಲಿಸಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ "ನನ್ನ ಅರ್ಜಿ ಈಗ ಯಾರ ಬಳಿ, ಯಾವ ಹಂತದಲ್ಲಿದೆ" ಎಂದು ಕೇಳಬಹುದು. ಕರ್ನಾಟಕದಲ್ಲಿ ಆ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗೆ ಇರಬೇಕು, ಉತ್ತರಕ್ಕೆ 30 ದಿನ ಗಡುವು. ಪಿಂಚಣಿ ಅದಾಲತ್ (ಅಧಿಕಾರಿಗಳು ಪಿಂಚಣಿ ದೂರು ಕೇಳುವ ಸಭೆ) ನಡೆಯುವ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಕಾಗದಗಳ ಸಮೇತ ಹೋಗಿ.

ಇಲಾಖಾ ವಿಚಾರಣೆ ಬಾಕಿ ಇರುವಾಗಲೇ ನಿವೃತ್ತರಾದವರಿಗೆ ತಾತ್ಕಾಲಿಕ ಪಿಂಚಣಿ ಮಾತ್ರ ಬರುತ್ತದೆ, ಗ್ರಾಚ್ಯುಟಿ ತಡೆಹಿಡಿಯಲಾಗುತ್ತದೆ. ಪೊಲೀಸರಲ್ಲಿ ಇದು ಅಪರೂಪ ಅಲ್ಲ. ವಿಚಾರಣೆ ಮುಗಿಸಿ ಎಂದು ಲಿಖಿತವಾಗಿ ಒತ್ತಾಯಿಸುತ್ತಿರಿ.

ಕೊನೆಗೆ ಕಾನೂನಿನ ದಾರಿಯೇ ಬೇಕಾದರೆ ಬೆಂಗಳೂರಿಗೆ ಹೋಗಬೇಕಿಲ್ಲ. ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಪೀಠ ಕಲಬುರಗಿಯಲ್ಲೇ ಇದೆ, ಸರ್ಕಾರಿ ನೌಕರರ ಪಿಂಚಣಿ ವ್ಯಾಜ್ಯ ಅಲ್ಲಿಗೇ ಹೋಗುತ್ತದೆ. ವಕೀಲರ ಖರ್ಚು ಎಲ್ಲಿಂದ ತರುವುದು ಎಂದು ಹಿಂಜರಿಯುವ ತಾಯಂದಿರು ತಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಒಂದು ಅರ್ಜಿ ಕೊಡಲಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೋಗುವಾಗ ಪಿಪಿಓ, ಪೆನ್ಷನ್ ಸ್ಲಿಪ್, ಸೀಲು ಹಾಕಿಸಿಕೊಂಡ ಅರ್ಜಿಯ ಪ್ರತಿಗಳು ಕೈಯಲ್ಲಿರಲಿ.